ಕನ್ನಡಿ ಪಕ್ಕದ ಹಳೇ ಬ್ಲೇಡು

ಜುಮಾ ದಿನ ಸ್ನಾನ, ಒಗೆದ ಬಟ್ಟೆ, ಅತ್ತರು ಯಾವುದನ್ನೂ ನಾವು ಮರೆಯುವುದಿಲ್ಲ. ಬಚ್ಚಲಿನ ಕನ್ನಡಿ ಪಕ್ಕದ ರೇಜರಿನಲ್ಲಿ ಮಾತ್ರ ತುಕ್ಕು ಬಂದ ಬ್ಲೇಡು ತಿಂಗಳುಗಟ್ಟಲೆ ಇರುತ್ತದೆ. ಅದರಲ್ಲೇ ಅಬ್ಬಾ, ಅದರಲ್ಲೇ ಮೀಸೆ ಚಿಗುರಿದ ಮಗ, ಊರಿಂದ ಬಂದ ಮಾಮು ಕೂಡ! ಬೇಡದ ಕೂದಲನ್ನು 40 ದಿನ ಮೀರಿ ಬಿಡಬಾರದೆಂದು ಹದೀಸಿನಲ್ಲಿದೆ. ಆ ಗಡುವು ಕೂದಲಿಗೆ, ಬ್ಲೇಡಿಗಲ್ಲ.

5ರಿಂದ 7 ಸಲ ಬಳಸಿದ ಮೇಲೆ ಬ್ಲೇಡು ಬದಲಿಸಿ ಎನ್ನುತ್ತಾರೆ ಚರ್ಮವೈದ್ಯರು. ಒರಟು ಗಡ್ಡವಾದರೆ ಇನ್ನೂ ಬೇಗ. ಮೊಂಡು ಬ್ಲೇಡು ಕೂದಲನ್ನು ಕತ್ತರಿಸದೆ ಜಗ್ಗುತ್ತದೆ, ನಾವು ಒತ್ತುತ್ತೇವೆ, ಚರ್ಮ ತರಚಿ ಗುಳ್ಳೆ ಏಳುತ್ತದೆ.

ಗುಳ್ಳೆ ವಾಸಿಯಾಗಬಹುದು. ನನಗೆ ಹೆಚ್ಚು ಭಯ ಹಂಚಿಕೊಳ್ಳುವುದರದ್ದು. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕನಿಷ್ಠ 7 ದಿನ ಬದುಕಿರಬಲ್ಲದು. ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ಔಷಧಿ ನೀರಿಗೆ ಒಮ್ಮೆ ಅದ್ದಿದರೆ ಅದು ಸಾಯುತ್ತದೆಂದು ನಂಬಬೇಡಿ. ಮುರುಗಮಲ್ಲದಲ್ಲಿ ಅಮ್ಮಾಜಾನ್ ಬಾವಾಜಾನ್ ಉರೂಸಿಗೆ ನೆಂಟರು ಬಂದಾಗ ಊಟ, ಹಾಸಿಗೆ ಹಂಚಿಕೊಳ್ಳೋಣ; ರೇಜರ್ ಕೇಳಿದರೆ ನಾಚಿಕೆಪಡದೆ ಹೊಸ ಬ್ಲೇಡು ತಂದುಕೊಡೋಣ. ಒಂದು ಚಹಾದಷ್ಟೂ ಬೆಲೆಯಿಲ್ಲ ಅದಕ್ಕೆ.

ಕ್ಷೌರದಂಗಡಿಯಲ್ಲೂ ಅಷ್ಟೇ. ಕಾಗದ ಬಿಚ್ಚಿ ಹೊಸ ಬ್ಲೇಡು ಹಾಕುವುದನ್ನು ನೋಡಿಯೇ ಕುತ್ತಿಗೆ ಚಾಚಿ. ಅಖೀಖಾದಂದು ಏಳು ದಿನದ ಕೂಸಿನ ತಲೆ ಬೋಳಿಸಲು ಬಂದವರನ್ನು ಅಜ್ಜಿಯೇ ಕೇಳಲಿ, ಅಜ್ಜಿಯ ಮಾತಿಗೆ ಯಾರೂ ಬೇಸರಪಡುವುದಿಲ್ಲ. ಹಳೇ ಬ್ಲೇಡನ್ನು ದಪ್ಪ ಕಾಗದದಲ್ಲಿ ಸುತ್ತಿಯೇ ಎಸೆಯಿರಿ. ಕಸ ಎತ್ತುವವರು ಬರಿಗೈಯಲ್ಲಿ ಅದನ್ನು ಮುಟ್ಟುತ್ತಾರೆ.