ಲ್ಯಾಪ್‌ಟಾಪ್ ಎದ್ದು ಕೂತಿತು, ಸುದ್ದಿ ಮಾತ್ರ ವಾಪಸ್ ಬಂತು

ಹೂವಿನಹಡಗಲಿಯ ನಮ್ಮ ಗೆಳತಿ ತನ್ನ ಲ್ಯಾಪ್‌ಟಾಪನ್ನು ರಿಪೇರಿಗೆ ಒಯ್ದಾಗ ಅಂಗಡಿಯವರು ಅದನ್ನು ಬಿಚ್ಚಿಯೂ ನೋಡಲಿಲ್ಲ. "ಅಕ್ಕಾರ, ಇದಕ್ಕ ರೊಕ್ಕ ಹಾಕಬ್ಯಾಡ್ರಿ. ಗುಜರಿಗೆ ಕೊಟ್ಟು ಹೊಸಾದು ತಗೋರಿ" ಅಂದರು.

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. 2011ರಲ್ಲಿ ಅವಳ ಅಣ್ಣ ಕೊಂಡಿದ್ದ ಯಂತ್ರ. 2 ಜಿಬಿ ರ‍್ಯಾಮ್. ವಿಂಡೋಸ್ 10 ತೆರೆದುಕೊಳ್ಳುವಷ್ಟರಲ್ಲಿ ಚಹಾ ಕಾಯಿಸಿ, ಕುಡಿದು, ಲೋಟ ತೊಳೆದಿಡಬಹುದಿತ್ತು. ಆದರೆ ಸುದ್ದಿಗೆ ಇಷ್ಟು, ಲೇಖನಕ್ಕೆ ಇಷ್ಟು ಎಂದು ಲೆಕ್ಕ ಹಾಕಿ ಬರುವ ಗೌರವಧನದಲ್ಲಿ ಹೊಸ ಲ್ಯಾಪ್‌ಟಾಪ್ ಎಲ್ಲಿಂದ ತರುವುದು? ಗ್ರಾಮೀಣ ಪತ್ರಿಕೋದ್ಯಮ ಓದಿ ಊರಿಗೆ ಮರಳಿದ ನಮ್ಮಲ್ಲಿ ಅರ್ಧಕ್ಕರ್ಧ ಜನರ ಸ್ಥಿತಿ ಇದೇ. ಲ್ಯಾಪ್‌ಟಾಪ್ ಕೈಕೊಟ್ಟ ದಿನದಿಂದ ಎಂಟುನೂರು ಪದಗಳ ವರದಿಯನ್ನೂ ಮೊಬೈಲಿನಲ್ಲಿ ಹೆಬ್ಬೆರಳಿನಿಂದಲೇ ಕುಟ್ಟಬೇಕು.

ಇದರ ಮೇಲೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ನೋಂದಾಯಿಸಿಕೊಂಡವರಿಗೆ ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಸಿಗುತ್ತದೆ, ಅಷ್ಟೇ. ವಿಂಡೋಸ್ 11 ಹಾಕೋಣವೆಂದರೆ ಕನಿಷ್ಠ 4 ಜಿಬಿ ರ‍್ಯಾಮ್ ಬೇಕು, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ನಮ್ಮ ಯಂತ್ರಗಳಲ್ಲಿ ಎರಡೂ ಇಲ್ಲ. ಗುಜರಿಗೆ ಹಾಕುವ ಮೊದಲು ಕೊನೆಯ ಪ್ರಯತ್ನವೆಂದು ಲಿನಕ್ಸ್ ನೋಡೋಣ ಅಂದುಕೊಂಡೆವು.

ಉಬುಂಟು ಹೆಸರು ನಮಗೆಲ್ಲ ಗೊತ್ತಿತ್ತು. ಆದರೆ ಅದೂ ಈಗ 2 ಜಿಬಿಯಲ್ಲಿ ಏದುಸಿರು ಬಿಡುತ್ತದೆ. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಆ್ಯಂಟಿಕ್ಸ್. ಗ್ರೀಸ್‌ನಲ್ಲಿ ಹುಟ್ಟಿ, 2007ರಿಂದ ಬೆರಳೆಣಿಕೆಯ ಸ್ವಯಂಸೇವಕರು ನಡೆಸಿಕೊಂಡು ಬಂದಿರುವ, ಡೆಬಿಯನ್ ಮೇಲೆ ಕಟ್ಟಿದ ಲಿನಕ್ಸ್ ಇದು. 512 ಎಂಬಿ ರ‍್ಯಾಮ್, 7 ಜಿಬಿ ಡಿಸ್ಕ್ ಇದ್ದರೆ ಸಾಕು ಅನ್ನುತ್ತಾರೆ. ನಾವು ಹಾಕಿದ್ದು ಡೆಬಿಯನ್ 12ನ್ನು ಆಧರಿಸಿದ ಆ್ಯಂಟಿಕ್ಸ್ 23. ಪತ್ರಕರ್ತರಾದ ನಮಗೆ ಇಷ್ಟವಾದ ಇನ್ನೊಂದು ಸಂಗತಿಯೂ ಇದೆ. 16ನೇ ಆವೃತ್ತಿಗೆ ಹೊಂಡುರಾಸ್‌ನಲ್ಲಿ ಕೊಲೆಯಾದ ಪರಿಸರ ಹೋರಾಟಗಾರ್ತಿ ಬೆರ್ತಾ ಕಾಸೆರೆಸ್ ಹೆಸರು, 19ಕ್ಕೆ ಬ್ರೆಜಿಲ್‌ನಲ್ಲಿ ಕೊಲೆಯಾದ ನಗರಸಭಾ ಸದಸ್ಯೆ ಮರಿಯೆಲ್ ಫ್ರಾಂಕೊ ಹೆಸರು ಇಟ್ಟಿದ್ದಾರೆ.

ಗೆಳೆಯನೊಬ್ಬನ ಕಂಪ್ಯೂಟರಿನಲ್ಲಿ ಇಳಿಸಿಕೊಂಡು ಪೆನ್‌ಡ್ರೈವ್‌ಗೆ ಹಾಕಿದೆವು. ಹಾರ್ಡ್‌ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಬಹುದು. ಒಗ್ಗದಿದ್ದರೆ ಕಿತ್ತುಕೊಂಡರಾಯಿತು, ಹಳೆಯದು ಇದ್ದಲ್ಲೇ ಇರುತ್ತದೆ. ಮೂರು ದಿನ ಹೀಗೆ ನಡೆಸಿ, ಫೋಟೊ ಮತ್ತು ಕಡತಗಳನ್ನೆಲ್ಲ ಬೇರೆ ಕಡೆ ತೆಗೆದಿಟ್ಟುಕೊಂಡು, ಆಮೇಲೆ ಡಿಸ್ಕಿಗೆ ಹಾಕಿದೆವು.

ಲ್ಯಾಪ್‌ಟಾಪ್ ಎದ್ದು ಕೂತಿತು. ಒಂದು ನಿಮಿಷದೊಳಗೆ ಕೆಲಸಕ್ಕೆ ಸಿದ್ಧ. ಲಿಬ್ರೆಆಫೀಸ್ ಜೊತೆಗೇ ಬರುತ್ತದೆ, ಅದರಲ್ಲಿ ಬರೆಯಲು ಯಾವ ತೊಡಕೂ ಇಲ್ಲ. ಹಾಗೆಂದು ಪವಾಡ ನಡೆದಿಲ್ಲ. ಫೈರ್‌ಫಾಕ್ಸ್‌ನಲ್ಲಿ ಏಳೆಂಟು ಪುಟ ತೆರೆದರೆ 2 ಜಿಬಿ ತುಂಬಿ ಎಲ್ಲವೂ ತೆವಳುತ್ತದೆ. ಯಾಕೆಂದರೆ ಇವತ್ತಿನ ವೆಬ್ ಪುಟಗಳೇ ಭಾರ. ನೋಟಕ್ಕೂ ಅದು ಹದಿನೈದು ವರ್ಷ ಹಿಂದಿನ ಕಂಪ್ಯೂಟರಿನಂತೆಯೇ ಇದೆ. ವೈ-ಫೈ ಅಂತೂ ಎರಡು ದಿನ ಸತಾಯಿಸಿತು. ಆ ಚಿಪ್‌ಗೆ ಬೇಕಾದ ಫರ್ಮ್‌ವೇರ್ ಇಳಿಸಿಕೊಳ್ಳಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್ ಬರಬೇಕಾದರೆ ಫರ್ಮ್‌ವೇರ್ ಬೇಕು! ಕೊನೆಗೆ ಮೊಬೈಲನ್ನು ಯುಎಸ್‌ಬಿ ಕೇಬಲ್ಲಿನಿಂದ ಜೋಡಿಸಿ, ಅದರ ಡೇಟಾದಲ್ಲಿ ಇಳಿಸಿಕೊಂಡೆವು. ಇಷ್ಟು ಹೇಳಿಕೊಡುವವರು ತಾಲ್ಲೂಕಿನಲ್ಲಿ ಯಾರೂ ಸಿಗಲಿಲ್ಲ. ಹೆಚ್ಚು ಜನ ಬಳಸದ ಲಿನಕ್ಸ್ ಆರಿಸಿಕೊಂಡರೆ ತೆರಬೇಕಾದ ಬೆಲೆ ಇದು. ಎಲ್ಲ ಉತ್ತರಗಳೂ ಇಂಗ್ಲಿಷಿನಲ್ಲಿ, ಅದೂ ತಿಳಿದವರು ತಿಳಿದವರಿಗೆ ಬರೆದ ಇಂಗ್ಲಿಷಿನಲ್ಲಿ.

ನಮಗೆ ನಿಜವಾದ ಅಂಜಿಕೆ ಇದ್ದದ್ದು ಕನ್ನಡದ ಬಗ್ಗೆ. ಅಲ್ಲಿ ಆದದ್ದೇ ಬೇರೆ. ಗುಬ್ಬಿ, ನವಿಲು, ಲೋಹಿತ್ ಎಂಬ ಕನ್ನಡದ ಮುಕ್ತ ಫಾಂಟ್‌ಗಳು ಡೆಬಿಯನ್ ಭಂಡಾರದಲ್ಲೇ ಇವೆ. ಕಾಸು ಕೊಡಬೇಕಿಲ್ಲ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ, ನುಡಿಯಲ್ಲಿ ನಾವು ಕಲಿತ ಕೀಲಿಮಣೆಯೂ 'ಕಗಪ' ಎಂಬ ಹೆಸರಿನಲ್ಲಿ ಸಿಗುತ್ತದೆ. ಕಗಪ ಅಂದರೆ ಕನ್ನಡ ಗಣಕ ಪರಿಷತ್ತು. ಲಿನಕ್ಸ್‌ನೊಳಗೇ ಇರುವ ಕಗಪದಲ್ಲಿ ಪದದ ಮೊದಲಿಗೆ ಬರುವ ಆ, ಇ ಮೂಡಬೇಕಾದರೆ ಬಲಗಡೆಯ ಆಲ್ಟ್ ಕೀಲಿ ಒತ್ತಬೇಕು. ನುಡಿಗೆ ಪಳಗಿದ ಬೆರಳು ಅಲ್ಲಿ ಎಡವುತ್ತದೆ. ಐಬಸ್ ಎಂಬ ತಂತ್ರಾಂಶವನ್ನೂ ಅದರ ಎಂ17ಎನ್ ಕಡತಗಳನ್ನೂ ಹಾಕಿಕೊಂಡ ಮೇಲೆ ಆ ತೊಂದರೆಯೂ ನೀಗಿತು. ನಮ್ಮ ಗೆಳತಿ ಮೊದಲಿನ ವೇಗದಲ್ಲೇ ಟೈಪ್ ಮಾಡತೊಡಗಿದಳು.

ಅವಳು ಆ ಲ್ಯಾಪ್‌ಟಾಪಿನಲ್ಲಿ ಬರೆದ ಮೊದಲ ಲೇಖನ ಹಡಗಲಿ ಮಲ್ಲಿಗೆ ಬೆಳೆಗಾರರ ಕುರಿತು. ಭೌಗೋಳಿಕ ಸೂಚ್ಯಂಕ ಪಡೆದ ಹೂವು. ಮೊಗ್ಗು ಬಿಡಿಸುವವರ ಕೂಲಿಯ ಲೆಕ್ಕವನ್ನು ನಾಲ್ಕು ಹಳ್ಳಿ ತಿರುಗಿ ತಂದಿದ್ದಳು. ರಾತ್ರಿ ಇಮೇಲ್ ಮಾಡಿದಳು. ಬೆಳಿಗ್ಗೆ ಪತ್ರಿಕೆಯ ಡೆಸ್ಕಿನಿಂದ ಫೋನ್: "ಇದು ಪೇಜಿಗೆ ಹೋಗಲ್ಲಮ್ಮ. ನುಡಿಯಲ್ಲಿ ಕಳಿಸು."

ನುಡಿಯಲ್ಲಿ ಅಂದರೆ ಅವರ ಅರ್ಥದಲ್ಲಿ ಹಳೆಯ ಆಸ್ಕಿ ಫಾಂಟಿನಲ್ಲಿ. ಇಂದಿನ ನುಡಿಯಲ್ಲಿ ಯೂನಿಕೋಡ್ ಕೂಡ ಇದೆ, ದೋಷ ಆ ತಂತ್ರಾಂಶದ್ದಲ್ಲ. ಹಳೆಯ ಫಾಂಟುಗಳು ಒಂದು ಉಪಾಯ ಮಾಡಿದ್ದವು. ಇಂಗ್ಲಿಷಿನ ದೊಡ್ಡ 'ಪಿ' ಇರಬೇಕಾದ ಮನೆಯಲ್ಲಿ 'ಕ'ದ ಒಡಲು, ಇನ್ನೊಂದು ಚಿಹ್ನೆಯ ಮನೆಯಲ್ಲಿ ಅದರ ತಲಕಟ್ಟು. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷಿನ ಚೂರುಪಾರು. ಆ ಫಾಂಟ್ ಇಲ್ಲದ ಕಡೆ ತೆರೆದರೆ ಬರೀ ಗೋಜಲು. ಗೂಗಲ್ಲಿನಲ್ಲಿ ಹುಡುಕಿದರೆ ಸಿಗದು. ಹತ್ತು ವರ್ಷ ಹಿಂದೆ ಒಬ್ಬ ವರದಿಗಾರ ಬರೆದ ಬರದ ವರದಿ ಅವನ ಡಿಸ್ಕಿನಲ್ಲೇ ಇದ್ದರೂ ಹುಡುಕುವವನ ಪಾಲಿಗೆ ಇಲ್ಲ. ಯೂನಿಕೋಡಿನಲ್ಲಾದರೋ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅದರದೇ ಜಾಗವಿದೆ.

ಗೆಳತಿ ಸಿಟ್ಟಾಗಿ ಅದೇ ಲೇಖನವನ್ನು ನಕಲು ಮಾಡಿ ವಾಟ್ಸ್ಆ್ಯಪ್‌ನಲ್ಲಿ ಡಿಟಿಪಿ ಆಪರೇಟರ್‌ಗೆ ಕಳಿಸಿದಳು. ಅವರು ಪರಿವರ್ತಕದಲ್ಲಿ ಹಾಕಿ, ಒಡೆದುಹೋದ ಒಂದೆರಡು ಒತ್ತಕ್ಷರ ಸರಿಪಡಿಸಿ, ಪುಟಕ್ಕೆ ಸೇರಿಸಿಬಿಟ್ಟರು! ಮೊಬೈಲಿನಿಂದ ಬರುವ ಎಲ್ಲ ಸುದ್ದಿಯೂ ಯೂನಿಕೋಡೇ ಅಲ್ಲವೇ? ಅದನ್ನು ದಿನವೂ ಬದಲಿಸಿಕೊಳ್ಳುವ ಡೆಸ್ಕಿಗೆ ಲ್ಯಾಪ್‌ಟಾಪಿನಿಂದ ಬಂದ ಯೂನಿಕೋಡ್ ಮಾತ್ರ ಯಾಕೆ ಮೈಲಿಗೆ?

ನಮ್ಮ ತಕರಾರು ಇರುವುದು ಇಲ್ಲಿ. ಹಳೆಯ ಲ್ಯಾಪ್‌ಟಾಪ್, ಹೆಸರೇ ಕೇಳದ ಲಿನಕ್ಸ್, ವೈ-ಫೈ ಕಾಟ ಎಲ್ಲವನ್ನೂ ದಾಟಿದೆವು. ದಾಟಲಾಗದೆ ಸಿಕ್ಕಿಹಾಕಿಕೊಂಡದ್ದು ನಮ್ಮದೇ ವೃತ್ತಿಯ ರೂಢಿಯಲ್ಲಿ. ಆಸ್ಕಿಯಲ್ಲೇ ಕಳಿಸಿ ಎಂಬ ಒಂದು ಮಾತಿಗಾಗಿ ಊರಿನ ವರದಿಗಾರ ವಿಂಡೋಸ್ ಇಟ್ಟುಕೊಳ್ಳಬೇಕು, ಅದಕ್ಕಾಗಿ ಹೊಸ ಯಂತ್ರ ಕೊಳ್ಳಬೇಕು. ಡೆಸ್ಕಿನ ರೂಢಿಯ ಖರ್ಚನ್ನು ಎಲ್ಲರಿಗಿಂತ ಕಡಿಮೆ ದುಡಿಯುವವನು ಭರಿಸುತ್ತಿದ್ದಾನೆ.

ಸಣ್ಣ ಪತ್ರಿಕೆಗಳ ಕಷ್ಟವೂ ನಮಗೆ ಗೊತ್ತು. ಅಲ್ಲಿ ಈಗಲೂ ಪೇಜ್‌ಮೇಕರ್ ನಡೆಯುತ್ತಿದೆ. 2001ರ 7.0 ಆವೃತ್ತಿಗೆ ಅದರ ಬೆಳವಣಿಗೆ ನಿಂತಿತು, ಕನ್ನಡ ಯೂನಿಕೋಡ್ ಅದಕ್ಕೆ ಒಗ್ಗುವುದಿಲ್ಲ. ಕಾಸು ಕೊಟ್ಟು ಕೊಂಡ ಅಂದದ ಫಾಂಟುಗಳು ಆಸ್ಕಿಯಲ್ಲಿವೆ. ಆಪರೇಟರ್‌ಗಳ ಕೈ ಅದಕ್ಕೇ ಪಳಗಿದೆ. ಒಂದೇ ರಾತ್ರಿಯಲ್ಲಿ ಬದಲಾಯಿಸಿ ಎಂದು ನಾವು ಹೇಳುತ್ತಿಲ್ಲ. ಆದರೆ ದಾರಿ ತೆರೆದಿದೆ. ಇನ್‌ಡಿಸೈನ್ ಕನ್ನಡ ಯೂನಿಕೋಡನ್ನು ಬಹಳ ಹಿಂದೆಯೇ ಒಪ್ಪಿಕೊಂಡಿದೆ. ಪುಕ್ಕಟೆ ಸಿಗುವ ಸ್ಕ್ರೈಬಸ್ ಕೂಡ 2024ರಲ್ಲಿ ಬಂದ 1.6 ಆವೃತ್ತಿಯಲ್ಲಿ ಭಾರತೀಯ ಲಿಪಿಗಳನ್ನು ಜೋಡಿಸಬಲ್ಲದು. ಅಲ್ಲಿಯವರೆಗೆ ಮಾಡಬಹುದಾದ ಸಣ್ಣ ಕೆಲಸವೊಂದಿದೆ: ಬರಹ ಯೂನಿಕೋಡಿನಲ್ಲಿ ಬರಲಿ, ಪರಿವರ್ತನೆ ಡೆಸ್ಕಿನಲ್ಲಿ ಆಗಲಿ. ವಾಟ್ಸ್ಆ್ಯಪ್ ಸುದ್ದಿಗೆ ಮಾಡುತ್ತಿರುವುದನ್ನೇ ಇಮೇಲಿಗೂ ಮಾಡಿ, ಅಷ್ಟೇ.

ಪತ್ರಿಕೋದ್ಯಮ ವಿಭಾಗಗಳಿಗೂ ಒಂದು ಮಾತು. ನಮಗೆ ಪುಟ ವಿನ್ಯಾಸವೆಂದು ಕಲಿಸಿದ್ದು ಪೇಜ್‌ಮೇಕರ್. ಅಕ್ಷರ ಕಂಪ್ಯೂಟರಿನೊಳಗೆ ಹೇಗೆ ಕೂರುತ್ತದೆ ಎಂದು ಒಂದು ತರಗತಿಯಲ್ಲೂ ಹೇಳಲಿಲ್ಲ. ಒಂದು ಮಧ್ಯಾಹ್ನ ಸಾಕಾಗುತ್ತಿತ್ತು.

ಇನ್ನು ಆ್ಯಂಟಿಕ್ಸ್ ಹಾಕಬೇಕೇ? ನಿಮ್ಮ ಯಂತ್ರದಲ್ಲಿ 4 ಜಿಬಿ ಅಥವಾ ಹೆಚ್ಚು ಇದ್ದರೆ ಲಿನಕ್ಸ್ ಮಿಂಟ್‌ನಂಥ, ನಾಲ್ಕು ಜನರಿಗೆ ಗೊತ್ತಿರುವುದನ್ನೇ ಮೊದಲು ನೋಡಿ. 2 ಜಿಬಿ ಅಥವಾ ಅದಕ್ಕೂ ಕಡಿಮೆಯಿದ್ದರೆ, 32 ಬಿಟ್ ಯಂತ್ರವಾಗಿದ್ದರೆ, ಆ್ಯಂಟಿಕ್ಸ್ ನೋಡಿ. ಮೊದಲು ಪೆನ್‌ಡ್ರೈವ್‌ನಲ್ಲಿ ನಡೆಸಿ. ಕಡತಗಳ ಪ್ರತಿ ತೆಗೆದಿಟ್ಟುಕೊಳ್ಳದೆ ಡಿಸ್ಕನ್ನು ಮುಟ್ಟಬೇಡಿ. ಯುಎಸ್‌ಬಿ ಕೇಬಲ್ ಹತ್ತಿರವೇ ಇರಲಿ.

ಗೆಳತಿ ಮೊನ್ನೆ ಅದೇ ಲ್ಯಾಪ್‌ಟಾಪ್ ಹಿಡಿದು ರಿಪೇರಿ ಅಂಗಡಿಗೆ ಹೋಗಿದ್ದಳು, ಚಾರ್ಜರ್ ವೈರ್ ಹಾಕಿಸಲು. ಅಂಗಡಿಯವರು ಪರದೆ ನೋಡಿ, "ಇದೇನ್ರಿ ಹಾಕೀರಿ? ನಮಗೂ ಒಂದ್ ಕಾಪಿ ಕೊಡ್ರಿ" ಅಂದರಂತೆ. ಅವರಿಗೆ ಪೆನ್‌ಡ್ರೈವ್ ಕೊಟ್ಟು ಬಂದಿದ್ದಾಳೆ. ಡೆಸ್ಕಿನವರು ಕೇಳಿದರೆ ಅವರಿಗೂ ಕೊಡುತ್ತೇವೆ.