ಹನಿ ಬಾಟಲಿ ಕಪಾಟಿಗೆ ಸೇರಸೋ ಹಿರೇರಿಗೆ

ವೈನಿ, ಮೌಶಿ, ಬಾಜೂ ಮನಿ ಕಾಕು, ಇದನ್ನ ಎಲ್ಲಾರೂ ಓದ್ರಿ. ಸಿಟ್ಟು ಬಂದ್ರ ಬೈರಿ, ಆದ್ರ ಪೂರ್ತಿ ಓದಿ ಬೈರಿ.

ದಿನಾ ತುಂಬೂದರೊಳಗ ಹುಟ್ಟಿದ ಕೂಸಿಗೆ ಡಾಕ್ಟರು ಕಬ್ಬಿಣದ ಡ್ರಾಪ್ಸ್ ಬರದು ಕೊಡತಾರ. ಕೂಸು ಮನೀಗೆ ಬಂದು ಎಂಟು ದಿನಾ ಆಗೂದರಾಗ ಆ ಬಾಟಲಿ ಕಪಾಟಿನ ಮೂಲಿ ಸೇರತದ. ಯಾಕಂದ್ರ ಯಾರೋ ಹಿರೇರು, "ಅಯ್ಯ, ಕೂಸಿಗೆ ಉಷ್ಣ ಆಗತದ, ಕಕ್ಕಾ ನೋಡು ಹೆಂಗ ಕರ್ರಗ ಆಗೇದ" ಅಂದಿರತಾರ. ಬಾಣಂತಿ ಬಾಯಿ ತಗದ್ರ, "ನಾವು ಹಡದಿಲ್ಲೇನು?"

ಹಡದೀರಿ, ಒಪ್ಪತೀನಿ. ಆದ್ರ ದಿನಾ ತುಂಬಿ ಹಡದೀರಿ. ಲೆಕ್ಕ ತಪ್ಪೂದು ಅಲ್ಲೇ.

ಕೂಸಿಗೆ ತಾಯಿ ಹೊಟ್ಟಿಯೊಳಗ ಕಬ್ಬಿಣ ಸಿಗೂದು ಬಹುತೇಕ ಕಡೀ ಮೂರು ತಿಂಗಳದಾಗ. ದಿನಾ ತುಂಬಿದ ಕೂಸು ಆ ಬುತ್ತಿ ಕಟಗೊಂಡೇ ಬರತದ, ಮುಂದ ನಾಕಾರು ತಿಂಗಳು ಅದರ ಮ್ಯಾಲೆ ನಡೀತದ. 32 ವಾರಕ್ಕ ಹುಟ್ಟಿದ್ದು ಬುತ್ತಿ ಕಟ್ಟೂದರೊಳಗ ಗಾಡಿ ಹತ್ತಿ ಬಂದದ. ಮ್ಯಾಲೆ, ಗಾಜಿನ ಪೆಟ್ಟಿಗಿಯೊಳಗ ಇದ್ದಾಗ ಪರೀಕ್ಷಾಕ್ಕಂತ ಅದರ ಮೈಯಾಗಿನ ರಕ್ತ ಬ್ಯಾರೆ ತಗದಿರತಾರ. ಆ ಕೂಸು ಬೆಳಿಯೂದೂ ಭಾಳ ಜೋರು. ಇದ್ದಿದ್ದು ಇಷ್ಟೇ, ಬೇಕಾಗೂದು ಅಷ್ಟು.

"ತಾಯಿ ಹಾಲಿನ್ಯಾಗ ಎಲ್ಲಾ ಅದ" ಅಂತೀರಿ. ತಾಯಿ ಹಾಲಿಗೆ ಸಮ ಯಾವುದೂ ಇಲ್ಲ, ಅದನ್ನ ಬಿಡಸಬ್ಯಾಡ್ರಿ. ಆದ್ರ ಅದರಾಗ ಲೀಟರಿಗೆ 1 ಮಿಲಿಗ್ರಾಂ ಕಬ್ಬಿಣನೂ ಇರಂಗಿಲ್ಲ. 2 ಕೆಜಿ ಕೂಸು ದಿನಕ್ಕ ಕುಡಿಯೂದು ಸುಮಾರು 300 ಎಂಎಲ್. ಸಣ್ಣ ತೂಕದ ಕೂಸಿಗೆ ಕೆಜಿಗೆ ದಿನಕ್ಕ 2ರಿಂದ 4 ಮಿಲಿಗ್ರಾಂ ಬೇಕು ಅಂತದ ವಿಶ್ವ ಆರೋಗ್ಯ ಸಂಸ್ಥೆ. ಅಂದ್ರ 4ರಿಂದ 8 ಮಿಲಿಗ್ರಾಂ. ನೀವ ಕಳದು ನೋಡ್ರಿ.

"ಹಂಗಾರ ಬಾಣಂತಿಗೆ ಅಂಟಿನುಂಡಿ, ಅಳವಿ ಪಾಯಸ ಜಾಸ್ತಿ ಹಾಕೂಣು." ಹಾಕ್ರಿ, ಆಕಿ ಮೈಗೆ ಛಲೋ. ಆದ್ರ ಆಕಿ ಎಷ್ಟು ತಿಂದ್ರೂ ಹಾಲಿನ್ಯಾಗಿನ ಕಬ್ಬಿಣ ಏರಂಗಿಲ್ಲ. ಇನ್ನ ಆಕಳ ಹಾಲು? ಅದರಾಗೂ ಕಬ್ಬಿಣ ಕಮ್ಮಿ, ಸಣ್ಣ ಕೂಸಿನ ಕರುಳಿನ್ಯಾಗ ಕಣ್ಣಿಗೆ ಕಾಣಲಾರದಂಗ ರಕ್ತ ಜಿನಗಸತದ. ವರ್ಷ ತುಂಬೂತನಕ ಅದು ಬ್ಯಾಡ.

ಕಕ್ಕಾ ಕರ್ರಗಾಗೂದು ಉಷ್ಣ ಅಲ್ಲ. ಮೈಗೆ ಹತ್ತಲಾರದ ಕಬ್ಬಿಣ ಹೊರಗ ಬರತದ, ಅಷ್ಟ. ಕೆಂಪು ರಕ್ತ ಕಂಡ್ರ, ಕೂಸು ವಾಂತಿ ಮಾಡಿದ್ರ ಡಾಕ್ಟರ ಕಡೆ ಹೋಗ್ರಿ, ಕಪಾಟಿನ ಕಡೆ ಅಲ್ಲ.

ನನಗ ಸಂಕಟ ಆಗೂದು ಯಾಕ ಗೊತ್ತದ ಏನು? ಕಬ್ಬಿಣ ಕಮ್ಮಿ ಬಿದ್ರ ಮೈ ಮೊದಲು ರಕ್ತಕ್ಕ ಕೊಡತದ, ಮಿದುಳು ಉಪಾಸ ಬೀಳತದ. ಕೂಸು ಮ್ಯಾಲೆ ದುಂಡಗ, ಛಂದ ಕಾಣತಿರತದ. ಒಳಗ ಕಲಿಯೂ ಶಕ್ತಿ ಕಟ್ಟೂ ಹೊತ್ತು ಹೋಗಿಬಿಡತದ. ಸಾಲಿಗೆ ಹೋಗೂಮುಂದ ಟಾನಿಕ್ ಕುಡಿಸಿದ್ರ ಅದು ಪೂರ್ತಿ ತುಂಬಿ ಬರತದ ಅನ್ನೂ ಭರೋಸಾ ಇಲ್ಲ. ಇಂಥಾದ್ದು ಗೊತ್ತಿದ್ದ ನಮ್ಮ ಬಳಗದ ಹುಡುಗಿ ಒಬ್ಬಾಕಿ ಬಚ್ಚಲದಾಗ ನಿಂತು, ಕಳ್ಳರಂಗ ತನ್ನ ಕೂಸಿಗೆ ಹನಿ ಹಾಕೂದು ನಾನ ಕಣ್ಣಾರೆ ನೋಡೀನಿ. ತನ್ನ ಕೂಸಿಗೆ, ತನ್ನ ಮನ್ಯಾಗ! ಇದು ಯಾವ ಸೀಮೀ ಹಿರೇತನ?

ಹಿರೇತನ ಮಾಡೂದಿದ್ರ ಹಿಂಗ ಮಾಡ್ರಿ. ಹನಿ ಹಾಕೂ ಹೊತ್ತು ನೆನಪು ಮಾಡ್ರಿ. ಗಲ್ಲದ ಒಳಗ, ಹಿಂದಕ್ಕ ಸ್ವಲ್ಪ ಸ್ವಲ್ಪ ಹಾಕ್ರಿ. ಒಂದೊಂದು ಕಂಪನಿ ಬಾಟಲಿ ಒಂದೊಂದು ಕಡಕು ಇರತದ, ಅದಕ್ಕ ಬಾಜೂ ಮನಿ ಕೂಸಿನ ಅಳತಿ ನಮ್ಮದಕ್ಕ ಹಚ್ಚಬ್ಯಾಡ್ರಿ. ತೂಕ ಏರಿದಂಗ ಅಳತಿ ಕೇಳಿ ಬದಲಿ ಮಾಡಸ್ರಿ. ದೊಡ್ಡ ಹುಡುಗರ ಕೈಗೆ ಸಿಗಲಾರದಂಗ ಬಾಟಲಿ ಎತ್ತರಕ್ಕ ಇಡ್ರಿ, ಒಮ್ಮೆಲೇ ಕುಡದ್ರ ಅದು ವಿಷ. ಬಂದ್ ಮಾಡೂದು ಯಾವಾಗ ಅಂತ ಡಾಕ್ಟರು ಹೇಳಲಿ.

ಬುತ್ತಿ ಇಲ್ಲದ ಬಂದ ಕೂಸಿಗೆ ಬುತ್ತಿ ಕೊಡೂದು ಮನೀ ಹೆಂಗಸರ ಕೆಲಸ. ಕಸಗೊಳ್ಳೂದಲ್ಲ.