ರಾಯಣ್ಣ ಯಾವ ಕನ್ನಡದಲ್ಲಿ ಗುಡುಗಿದ?

ನಮ್ಮ ಐತಿಹಾಸಿಕ ಸಿನಿಮಾಗಳ ರಾಜರೆಲ್ಲ ಒಂದೇ ಊರಿನವರು. ಬನವಾಸಿಯ ಮಯೂರ, ಬಾದಾಮಿಯ ಪುಲಿಕೇಶಿ, ವಿಜಯನಗರದ ಕೃಷ್ಣದೇವರಾಯ, ಮೈಸೂರಿನ ರಣಧೀರ ಕಂಠೀರವ, ಯಾರು ಸಿಂಹಾಸನ ಏರಿದರೂ ಬಾಯಲ್ಲಿ ಬರುವುದು ಒಂದೇ ಕನ್ನಡ. ಕ್ರಿಯಾಪದ ಪೂರ್ತಿ, ಮಹಾಪ್ರಾಣ ಸ್ಪಷ್ಟ, ಮಾತು ಮುಗಿಯುವಲ್ಲಿ ಒಂದು ಏರು. ನಾಲ್ವರೂ ರಾಜ್‌ಕುಮಾರ್ ಆಗಿದ್ದದ್ದೇ ಕಾರಣ ಎನ್ನುವಿರಾ? ಅದು ಅವರ ಊರಿನ ಕನ್ನಡವೂ ಅಲ್ಲ. ಗಾಜನೂರಿನಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಅದು ಗುಬ್ಬಿ ವೀರಣ್ಣನವರಂಥವರ ನಾಟಕ ಕಂಪನಿಗಳಲ್ಲಿ ಹದಗೊಂಡ ಕನ್ನಡ.

ಮೈಕಿಲ್ಲದ ಕಾಲದಲ್ಲಿ ನಟನ ಮಾತು ಕಟ್ಟಕಡೆಯ ಸಾಲಿನಲ್ಲಿ ಕೂತವನಿಗೂ ಕೇಳಬೇಕಿತ್ತು. ಆಡುಮಾತಿನಂತೆ ಪದಗಳ ಬಾಲ ನುಂಗಿದರೆ ಅರ್ಧ ಸಂಭಾಷಣೆ ಮೂರನೇ ಸಾಲಿಗೇ ನಿಂತುಬಿಡುತ್ತಿತ್ತು. ಹಾಗಾಗಿ ಸ್ವರ ಎಳೆದರು, ಒತ್ತಕ್ಷರ ಒತ್ತಿದರು, ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಎಂಬುದನ್ನೂ ಪಾಠ ಮಾಡಿಸಿದರು. ಸಿನಿಮಾ ಬಂದಾಗ ಅಲ್ಲಿಗೆ ಹೋದವರೂ ಇವರೇ. ‘ರಣಧೀರ ಕಂಠೀರವ’ (1960) ಬರೆದ ಜಿ.ವಿ. ಅಯ್ಯರ್ ರಂಗಭೂಮಿಯಿಂದ ಬಂದವರು. ಮುಂದೆ ‘ಕಿತ್ತೂರು ಚೆನ್ನಮ್ಮ’, ‘ಶ್ರೀ ಕೃಷ್ಣದೇವರಾಯ’ ನಿರ್ದೇಶಿಸಿದ ಬಿ.ಆರ್. ಪಂತುಲು ಕೂಡ ಅಲ್ಲಿಯವರೇ. ಮೈಕು ಮೂಗಿನ ಕೆಳಗೇ ಬಂದು ಕೂತರೂ ಗಂಟಲು ಮಾತ್ರ ಹಿಂದಿನ ಸಾಲಿನವನನ್ನು ಮರೆಯಲಿಲ್ಲ.

ಇದರ ಬಗ್ಗೆ ನನ್ನ ತಕರಾರಿಲ್ಲ. ಮಯೂರ ಹಲ್ಮಿಡಿ ಶಾಸನಕ್ಕೂ ಸುಮಾರು ನೂರು ವರ್ಷ ಹಿಂದಿನವನು. ಅವನು ಅಜ್ಜನ ಜೊತೆ ಕಂಚಿಗೆ ಓದಲು ಹೋಗಿ ಪಲ್ಲವರ ಕುದುರೆ ಸವಾರರೊಡನೆ ಜಗಳವಾದ ಕಥೆಯನ್ನು ತಾಳಗುಂದದ ಶಾಸನ ಹೇಳುತ್ತದೆ, ಅದೂ ಸಂಸ್ಕೃತದಲ್ಲಿ. ಮನೆಯಲ್ಲಿ ಅವನು ಹೇಗೆ ಮಾತಾಡುತ್ತಿದ್ದ ಎಂದು ಯಾರು ಹೇಳಬಲ್ಲರು? ಕೃಷ್ಣದೇವರಾಯನಂತೂ ಕಾವ್ಯ ಬರೆದದ್ದೇ ತೆಲುಗಿನಲ್ಲಿ. ಇಂಥ ಕಡೆ ಕಂಪನಿ ಕನ್ನಡ ಕಿರೀಟ, ಕಡಗದ ಹಾಗೆ ಒಂದು ವೇಷ. ಆ ವೇಷ ತೊಟ್ಟ ನಟ ಅದರೊಳಗೆ ಎಷ್ಟು ಸಲೀಸಾಗಿ ಓಡಾಡುತ್ತಾನೆ ಎಂಬುದನ್ನಷ್ಟೇ ನೋಡಬೇಕು.

ರಾಜ್‌ಕುಮಾರ್ ಗೆದ್ದದ್ದು ಅಲ್ಲಿಯೇ. ದೇವುಡು ಅವರ ಕಾದಂಬರಿಯಿಂದ ಬಂದ ‘ಮಯೂರ’ (1975) ಇನ್ನೊಮ್ಮೆ ಹಾಕಿಕೊಂಡು ಕಣ್ಣು ಮುಚ್ಚಿ ಬರೀ ಕೇಳಿ. ತಾನು ರಾಜವಂಶದವನೆಂದು ತಿಳಿಯದ ಹುಡುಗನ ದನಿಯಲ್ಲಿ ಒಂದು ಉಡಾಫೆ ಇದೆ, ಹಿರಿಯರ ಮುಂದೆ ತಗ್ಗುವ ಮೆದುವೂ ಇದೆ. ಕುಲ ಗೊತ್ತಾದ ಮೇಲೆ ಎಲ್ಲರೂ ನಿರೀಕ್ಷಿಸುವುದು ದನಿ ಏರುವುದನ್ನು. ಅವರು ಏರಿಸುವುದಕ್ಕಿಂತ ಹೆಚ್ಚಾಗಿ ನಿಧಾನಿಸುತ್ತಾರೆ, ಕ್ರಿಯಾಪದಕ್ಕೆ ಮುಂಚೆ ಒಂದು ಕ್ಷಣ ಎದುರಾಳಿಯನ್ನು ಕಾಯಿಸುತ್ತಾರೆ. ಅದನ್ನು ಅನುಕರಿಸಿದವರೆಲ್ಲ ಏರು ಹಿಡಿದುಕೊಂಡರು, ಕಾಯಿಸುವುದನ್ನು ಬಿಟ್ಟರು. ಶಾಲಾ ವಾರ್ಷಿಕೋತ್ಸವದ ಪುಲಿಕೇಶಿಗಳು ಸಾಲು ಮುಗಿಯುವ ಮೊದಲೇ ಏದುಸಿರು ಬಿಡುವುದು ಇದಕ್ಕೇ.

‘ಕಿತ್ತೂರು ಚೆನ್ನಮ್ಮ’ದ (1961) ಬಿ. ಸರೋಜಾದೇವಿ ಇನ್ನೂ ಸೋಜಿಗ. ಅವರದ್ದು ರಾಣಿಯ ಗಂಟಲಲ್ಲ, ಸಣ್ಣ ದನಿ, ಮುದ್ದು ಮಾಡುವ ದನಿ. ತಮಿಳರು ಅವರನ್ನು ಕನ್ನಡದ ಗಿಳಿ ಎಂದು ಕರೆದು, ಅವರ ತಮಿಳಿನಲ್ಲಿ ಇಣುಕುತ್ತಿದ್ದ ಕನ್ನಡದ ರಾಗವನ್ನೇ ಮೆಚ್ಚಿಕೊಂಡರು. ಇನ್ನೊಬ್ಬರಾಗಿದ್ದರೆ ಕೊರತೆ ಎನ್ನಬಹುದಾಗಿದ್ದದ್ದು ಅವರ ಗುರುತೇ ಆಯಿತು. ಕಪ್ಪ ಕೇಳಲು ಬಂದ ಬ್ರಿಟಿಷರಿಗೆ ಉತ್ತರ ಕೊಡುವ ಮಾತುಗಳಲ್ಲಿ ಅವರು ಆ ದನಿಯನ್ನು ದಪ್ಪ ಮಾಡಿಕೊಳ್ಳಲು ಹೋಗಲಿಲ್ಲ, ಚೂಪು ಮಾಡಿಕೊಂಡರು. ಚೆನ್ನಮ್ಮ ಎಂದರೆ ಇಂದಿಗೂ ಆ ದನಿಯೇ ನೆನಪಾಗುವ ತಲೆಮಾರು ನಮ್ಮಲ್ಲಿದೆ.

ಆದರೆ ಕಿತ್ತೂರಿನ ವಿಷಯ ಬನವಾಸಿಯಂತಲ್ಲ. ಕಿತ್ತೂರಿನ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಠ್ಯಾಕರೆ ಸತ್ತದ್ದು 1824ರಲ್ಲಿ, ಅಂದರೆ ನಿನ್ನೆ ಮೊನ್ನೆ. ಆ ಸೀಮೆಯಲ್ಲಿ ಜನ ಹೇಗೆ ಮಾತಾಡುತ್ತಿದ್ದರು ಎಂಬುದಕ್ಕೆ ಶಾಸನ ಹುಡುಕಬೇಕಿಲ್ಲ. ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತರೂ ಸುಳಿವು ಸಿಗುತ್ತದೆ. ಕಿತ್ತೂರಿಗಾಗಿ ಬ್ರಿಟಿಷರೊಡನೆ ಕಾದಿದ ಊರ ಕಾವಲುಗಾರ, ಶೇತಸನದಿ ರಾಯಣ್ಣನ ಕಥೆಯನ್ನು ಕಾಪಾಡಿಕೊಂಡು ಬಂದದ್ದೇ ಆ ಮಾತಿನ ಲಾವಣಿ, ಗೀಗೀ ಪದಗಳು. ಆದರೂ 2012ರಲ್ಲಿ ದರ್ಶನ್ ನಟಿಸಿದ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಬಂದಾಗ ನಾಯಕ ಗುಡುಗಿದ್ದು ಹೆಚ್ಚುಕಡಿಮೆ ಅದೇ ಕಂಪನಿ ಕನ್ನಡದಲ್ಲಿ. ಮೈಕಟ್ಟು ಇತ್ತು, ಆವೇಶ ಇತ್ತು, ಕುದುರೆ, ಕೋಟೆ ಎಲ್ಲ ಇತ್ತು. ಮಲಪ್ರಭೆಯ ದಂಡೆಯ ಮಾತು ಮಾತ್ರ ಇರಲಿಲ್ಲ.

‘ನಮ್ಮ ನೆಲದಾಗ ನಾವು ದುಡದೇವಿ, ನಿಮಗ್ಯಾಕ ಕೊಡೂಣು’ ಎಂದರೆ ಆವೇಶ ಕಡಿಮೆಯಾಗುತ್ತದೆಯೇ? ನನ್ನ ಕಿವಿಗೆ ಹೆಚ್ಚೇ ಆಗುತ್ತದೆ. ಅದು ಭಾಷಣ ಬಿಟ್ಟು ಬದುವಿನ ಮೇಲೆ ನಿಂತು ಆಡುವ ಜಗಳವಾಗುತ್ತದೆ, ಭೂಮಿ ಕಳೆದುಕೊಂಡ ರಾಯಣ್ಣನ ಜಗಳ ಇದ್ದದ್ದೂ ಹಾಗೆಯೇ.

ಪ್ರೇಕ್ಷಕರಿಗೆ ಅರ್ಥವಾಗುವುದಿಲ್ಲ ಎಂಬ ವಾದವನ್ನು ಟಿ.ಎಸ್. ನಾಗಾಭರಣ 1990ರಲ್ಲೇ ಮುರಿದುಹಾಕಿದರು. ಅವರ ಚಿತ್ರ ‘ಸಂತ ಶಿಶುನಾಳ ಷರೀಫ’ದ ಷರೀಫರು ರಾಯಣ್ಣನ ಕಾಲದವರೇ. 1831ರ ಜನವರಿ 26ರಂದು ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದಾಗ ಅವರಿನ್ನೂ ಹುಡುಗ. ಸಂಗೊಳ್ಳಿಗೂ ಶಿಶುನಾಳಕ್ಕೂ ನಡುವೆ ಇರುವುದು ಹುಬ್ಬಳ್ಳಿ-ಧಾರವಾಡವಷ್ಟೇ. ಆ ಚಿತ್ರದಲ್ಲಿ ಗುರು ಗೋವಿಂದ ಭಟ್ಟರಾದ ಗಿರೀಶ ಕಾರ್ನಾಡರು ಧಾರವಾಡದ ಗಾಳಿ ಕುಡಿದು ಬೆಳೆದವರು, ಅವರಿಗೆ ಆ ಮಾತು ಹೊಸತಲ್ಲ. ಷರೀಫರಾದ ಶ್ರೀಧರ್ ನೃತ್ಯದಿಂದ ಬಂದವರು. ಅವರು ಆ ಲಯವನ್ನು ಹೆಜ್ಜೆ ಕಲಿತ ಹಾಗೆ ಕಲಿತರು ಎನಿಸುತ್ತದೆ. ಎಲ್ಲಿಯೂ ‘ನೋಡ್ರಿ, ಹ್ಯಾಂಗ್ ಮಾತಾಡಾಕತ್ತೇನಿ’ ಎಂಬ ಪ್ರದರ್ಶನವಿಲ್ಲ. ಏಳು ವರ್ಷದ ನಂತರ ‘ನಾಗಮಂಡಲ’ದಲ್ಲಿ ಗೋಪಾಲ ವಾಜಪೇಯಿ ಬರೆದ ಜವಾರಿ ಸಂಭಾಷಣೆಯನ್ನು ಪ್ರಕಾಶ್ ರೈ ಆಡಿದರು. ಮೈಸೂರಿನವರೂ ಮಂಡ್ಯದವರೂ ನೋಡಿದರು. ಯಾರೂ ಅರ್ಥವಾಗದೆ ಎದ್ದು ಹೋದ ಸುದ್ದಿ ನಾನಂತೂ ಕೇಳಲಿಲ್ಲ. ಕುಂದಾಪುರದ ಕಡೆಯ ಮಾತಿನ ‘ಕಾಂತಾರ’ 2022ರಲ್ಲಿ ಎಷ್ಟು ದೂರ ಓಡಿತು ಎಂಬುದನ್ನು ಹೇಳಬೇಕಿಲ್ಲ.

ಹಾಗಾದರೆ ಅಡ್ಡಿ ಏನು? ಗಾಂಧಿನಗರದಲ್ಲಿ ಮಾತಿಗೂ ಅಂತಸ್ತು ಇದೆ. ಹುಬ್ಬಳ್ಳಿ ಕನ್ನಡ ಎಂದರೆ ಬಾಯಿ ತೆರೆದ ಕೂಡಲೇ ಜನ ನಗಬೇಕು, ಮಂಗಳೂರು ಕನ್ನಡ ಎಂದರೆ ಹೋಟೆಲಿನ ಭಟ್ಟರು. ಹಾಸ್ಯನಟನಿಗೆ ಹಂಚಿಕೊಟ್ಟ ಮಾತನ್ನು ವೀರನ ಬಾಯಲ್ಲಿ ಇಡಲು ಧೈರ್ಯ ಸಾಲದು. ಇದು ನಮ್ಮದೊಂದೇ ರೋಗವಲ್ಲ. ನಮ್ಮ ಕಂಠೀರವ ಬಂದ 1960ರಲ್ಲೇ ಹಾಲಿವುಡ್‌ನಲ್ಲಿ ‘ಸ್ಪಾರ್ಟಕಸ್’ ಬಂತು. ಅದರಲ್ಲಿ ರೋಮಿನ ದೊಡ್ಡವರಾಗಿ ಲಾರೆನ್ಸ್ ಒಲಿವಿಯೆ, ಚಾರ್ಲ್ಸ್ ಲಾಟನ್‌ರ ಬ್ರಿಟಿಷ್ ಇಂಗ್ಲಿಷು, ದಂಗೆಯೇಳುವ ಗುಲಾಮನಾಗಿ ಕಿರ್ಕ್ ಡಗ್ಲಸ್‌ರ ಅಮೆರಿಕನ್ ಇಂಗ್ಲಿಷು. ಅಲ್ಲಿ ಕನಿಷ್ಠ ನಾಯಕನಿಗೆ ಪ್ರೇಕ್ಷಕರ ಮನೆಮಾತು ಸಿಕ್ಕಿತು, ನಮ್ಮಲ್ಲಿ ಅದೂ ಇಲ್ಲ. ರಾಯಣ್ಣ ತೆರೆಕಂಡ 2012ರಲ್ಲೇ ಡೇನಿಯಲ್ ಡೇ-ಲೂಯಿಸ್ ಲಿಂಕನ್ ಆದರು. ಲಿಂಕನ್ ಎಂದರೆ ಗಂಭೀರ ಗಡಸು ದನಿ ಎಂದು ಎಲ್ಲರೂ ಅಂದುಕೊಂಡಿದ್ದರು. ಅವರ ದನಿ ತೆಳು, ಕೀಚಲು ಎಂದು ಕಂಡವರು ಬರೆದಿಟ್ಟಿದ್ದನ್ನೇ ನಂಬಿದ ಈ ನಟ ಹಾಗೆಯೇ ಮಾತಾಡಿ ಆಸ್ಕರ್ ತಂದರು. ಒಂದೆರಡು ದೃಶ್ಯ ಕಳೆಯುವುದರೊಳಗೆ ಬೇರೆ ಲಿಂಕನ್ ಇದ್ದದ್ದೇ ಮರೆತುಹೋಗುತ್ತದೆ.

ನಮ್ಮ ನಿರ್ಮಾಪಕರು ಮುಂದಿನ ಚೆನ್ನಮ್ಮನಿಗೋ ರಾಯಣ್ಣನಿಗೋ ಗ್ರಾಫಿಕ್ಸ್ ಮಾಡಿಸಲು ಊರೂರು ಅಲೆಯುತ್ತಾರೆ, ಕತ್ತಿವರಸೆಗೆ ಬೇರೆ ರಾಜ್ಯದ ಮಾಸ್ಟರನ್ನು ಕರೆಸುತ್ತಾರೆ. ಆ ಪಟ್ಟಿಯಲ್ಲಿ ಇನ್ನೊಂದು ಹೆಸರು ಸೇರಲಿ. ಉತ್ತರ ಕರ್ನಾಟಕದ ವೃತ್ತಿ ಕಂಪನಿಗಳಲ್ಲಿ ಪಾತ್ರ ಮಾಡಿ ಪಳಗಿದ ಕಲಾವಿದರು ಇನ್ನೂ ಇದ್ದಾರೆ. ಚಿತ್ರೀಕರಣಕ್ಕೆ ಮೊದಲು ಒಂದು ತಿಂಗಳು, ಡಬ್ಬಿಂಗ್ ಮುಗಿಯುವತನಕ ಇನ್ನೊಂದು ತಿಂಗಳು ಅಂಥವರೊಬ್ಬರನ್ನು ನಾಯಕನಟನ ಪಕ್ಕ ಕೂರಿಸಿದರೆ ಆಗುವ ಖರ್ಚು, ಬಾಡಿಗೆ ಕುದುರೆಗಳ ಹುಲ್ಲಿನ ಖರ್ಚಿಗಿಂತ ಹೆಚ್ಚೇನೂ ಆಗಲಿಕ್ಕಿಲ್ಲ.